‘ಕೊಕೆ’ ಎಂಬುದಕ್ಕೆ ಪಾಚಿ ಎನ್ನಬಹುದೇ?

ಬಲ್ಲವರೆಲ್ಲರಿಗೂ ನಮಸ್ಕಾರ.

ಜಪಾನಿನ ಕಾಡನ್ನು ನೆನಪಿಸುವಂಥ, ಸುಮ್ಮನೆ ಕುಳಿತು ಧ್ಯಾನಿಸುವ ತೋಟಗಳನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ ಹೂವಿಗೆ ಹೆಚ್ಚು ಕೆಲಸವಿಲ್ಲ. ಮರದ ನೆರಳು, ಕಲ್ಲು, ನೀರು, ನೆಲವನ್ನೆಲ್ಲ ಹೊದ್ದ ಮೆತ್ತನೆಯ ಹಸಿರು, ಇವೇ ಮುಖ್ಯ. ನಾನು ಸಿಕ್ಕಿಕೊಂಡಿರುವುದು ಆ ಹಸಿರಿನ ಹೆಸರಿನಲ್ಲಿ.

ಜಪಾನಿ ಭಾಷೆಯಲ್ಲಿ ಅದು ‘ಕೊಕೆ’. ಕ್ಯೋಟೋದ ಸೈಹೋಜಿ ದೇಗುಲಕ್ಕೆ ಜನರಿಟ್ಟ ಹೆಸರು ‘ಕೊಕೆದೆರಾ’. (ದೇಗುಲ ಎಂಬರ್ಥದ ‘ತೆರಾ’ ಸಮಾಸದಲ್ಲಿ ‘ದೆರಾ’ ಆಗಿದೆ, ನಮ್ಮ ಬೆಟ್ಟದಾವರೆಯಲ್ಲಿ ತಕಾರ ದಕಾರವಾದಂತೆಯೇ!) ನಾನು ‘ಪಾಚಿ ದೇಗುಲ’ ಎಂದು ಬರೆದಿದ್ದೆ. ಕರಡು ಓದಿದ ತಂಗಿ, “ಅಲ್ಲಿ ಯಾರೂ ತೊಳೆಯುವುದಿಲ್ಲವೇ?” ಎಂದಳು. ಅವಳದು ತಪ್ಪಲ್ಲ. ಪಾಚಿ ಎಂದೊಡನೆ ನಮಗೆ ಕಾಣುವುದು ಬಚ್ಚಲ ಕಲ್ಲು, ಬಾವಿಕಟ್ಟೆ, ಕಾಲು ಜಾರುವ ಅಂಗಳ. ಹಲ್ಲಿಗೂ ಪಾಚಿ ಕಟ್ಟುತ್ತದೆ. ಸಾಲದ್ದಕ್ಕೆ ಕೆರೆನೀರಿನ ಮೇಲೆ ತೇಲುವುದನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ. ಸಸ್ಯಶಾಸ್ತ್ರಕ್ಕೆ ಅದು ಬೇರೆಯೇ ಗುಂಪು.

‘ಹಾವಸೆ’ ಇದೆ, ಹಳಗನ್ನಡದ ‘ಪಾವಸೆ’. ಕಿವಿಗೆ ಇಂಪಾಗಿದೆ. ಆದರೆ ಇಂದಿನ ಓದುಗರಲ್ಲಿ ಹಲವರು ಅದನ್ನು ಪಠ್ಯಪುಸ್ತಕದ ‘ಹಾವಸೆ ಸಸ್ಯಗಳು’ ಎಂಬಲ್ಲಿ ಮಾತ್ರ ಕಂಡವರು.

ಅಷ್ಟರಲ್ಲಿ ಸೈಹೋಜಿಯ ಕತೆ ನನ್ನ ಮನಸ್ಸನ್ನು ತಿರುಗಿಸಿತು. ಜೆನ್ ಗುರು ಮುಸೋ ಸೊಸೆಕಿ 1339ರಲ್ಲಿ ಆ ದೇಗುಲವನ್ನು ಪುನರುದ್ಧಾರ ಮಾಡಿ ತೋಟವನ್ನು ರೂಪಿಸಿದಾಗ ಈ ಹಸಿರು ಅವರ ಲೆಕ್ಕದಲ್ಲೇ ಇರಲಿಲ್ಲ. ಶತಮಾನಗಳು ಕಳೆದು, ಆರೈಕೆ ತಪ್ಪಿ, ತೇವ ನಿಂತು, ಅದು ತಾನಾಗಿ ಹಬ್ಬಿತು. ಈಗ ಅಲ್ಲಿ ಸುಮಾರು 120 ಬಗೆಗಳಿವೆ ಎನ್ನುತ್ತಾರೆ. ಅಂದರೆ ತೋಟಕ್ಕೆ ಅಕ್ಷರಶಃ ಪಾಚಿ ಕಟ್ಟಿತು! ಅಲಕ್ಷ್ಯದ ವಾಸನೆಯುಳ್ಳ ನಮ್ಮ ಪದವೇ ಇಲ್ಲಿ ಹೆಚ್ಚು ಸರಿಯೇನೋ ಎನ್ನಿಸುತ್ತಿದೆ. ಒಪ್ಪದವರು ಕಾರಣ ಸಹಿತ ಬರೆಯಿರಿ.

ಇನ್ನೊಂದು ಪದ ‘ಕೊಮೊರೆಬಿ’. ಮರ, ಸೋರುವಿಕೆ, ಬಿಸಿಲು, ಮೂರೂ ಸೇರಿ ಎಲೆಗಳ ಸಂದಿಯಿಂದ ಇಳಿಯುವ ಬಿಸಿಲು. ‘ಬಿಸಿಲುಕೋಲು’ ಸಾಲದು, ಅದು ಮಾಡಿನ ಕಿಂಡಿಯಿಂದ ನೆಟ್ಟಗೆ ಬೀಳುವಂಥದ್ದು, ಇಲ್ಲಿ ಗಾಳಿಗೆ ಎಲೆ ಅಲುಗಿದಂತೆ ನೆಲದ ಮೇಲೆ ಬೆಳಕೂ ಅಲುಗಬೇಕು. ‘ಸೋರುಬಿಸಿಲು’ ಎಂದು ಕಟ್ಟಿ ನೋಡಿದೆ. ಒಡೆದ ಹೆಂಚು ನೆನಪಾಗಿ ಕೈಬಿಟ್ಟೆ. ಸದ್ಯಕ್ಕೆ ‘ಎಲೆಸಂದಿಯ ಬಿಸಿಲು’ ಎಂದಿಟ್ಟಿದ್ದೇನೆ, ಸಪ್ಪೆಯಾದರೂ ಅರ್ಥವಾಗುತ್ತದೆ.

ಮಲೆನಾಡು, ಕೊಡಗು, ಕರಾವಳಿಯವರಲ್ಲಿ ವಿಶೇಷವಾಗಿ ಕೇಳುತ್ತಿದ್ದೇನೆ: ಮಳೆಗಾಲದಲ್ಲಿ ಮರದ ಕಾಂಡ, ಮುರಕಲ್ಲಿನ ಗೋಡೆಗಳ ಮೇಲೆ ಮಖಮಲ್ಲಿನಂತೆ ಬೆಳೆಯುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಬಚ್ಚಲ ಪಾಚಿಗಿಂತ ಬೇರೆಯಾದ ಹೆಸರಿದೆಯೇ? ಇದ್ದರೆ ಯಾವ ಸೀಮೆಯ ಮಾತೆಂಬುದನ್ನೂ ತಿಳಿಸಿ.