ಪದಚರ್ಚೆ: 'ವರ್ಮಿನ್' ಎಂಬುದಕ್ಕೆ ಕನ್ನಡ, ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮಳವಳ್ಳಿ ಕಡೆಯ ನಮ್ಮ ಊರಿನಲ್ಲಿ ಡೇರಿಯ ಮುಂದೆ ಒಂದು ಫಲಕ ಹಾಕಿಸುತ್ತಿದ್ದೇವೆ. ಕಬ್ಬಿಗೆ ಕಾಡುಹಂದಿ ನುಗ್ಗುತ್ತಿದೆ, ಕಟಾವಿನಲ್ಲಿ ಚಿರತೆ ಮರಿ ಸಿಕ್ಕಿದೆ, ರಾತ್ರಿ ಹುಡುಗರು ಬ್ಯಾಟರಿ ಹಿಡಿದು ಹೊರಡುತ್ತಾರೆ. ಇಂಗ್ಲಿಷ್ ಕರಡಿನಲ್ಲಿ 'ವರ್ಮಿನ್', 'ಪ್ರಿಡೇಟರ್' (ಬೇರೆ ಪ್ರಾಣಿಗಳನ್ನು ಕೊಂದು ತಿನ್ನುವ ಪ್ರಾಣಿ) ಎರಡೂ ಇವೆ. ನಾನು ಬರೆದದ್ದು: 'ಖಾಸಗಿ ಜಮೀನಿನಲ್ಲಿ ಹಾನಿಕಾರಕ ಪ್ರಾಣಿಗಳನ್ನು ಬಿಟ್ಟು ಬೇರೆ ಪ್ರಾಣಿಗಳ ರಾತ್ರಿ ಬೇಟೆ ನಿಷಿದ್ಧ.' ಪೇಂಟರ್ ನಾಳೆ ಸಂಜೆ ಬರುತ್ತಾರೆ. ಹೀಗೇ ಕೊಡಬಹುದೇ?

ಉತ್ತರ, ಮಂಡ್ಯದಿಂದ:

'ಹಾನಿಕಾರಕ', 'ನಿಷಿದ್ಧ' ಎಲ್ಲ ಎರವಲು. 'ಕಾಟದ ಮಿಗ' ಎನ್ನಿ, 'ಇರುಳುಬೇಟೆ ಕೂಡದು' ಎನ್ನಿ. ಜನರನ್ನು ಕಾಡುವುದರಿಂದಲೇ ಅದು ಕಾಡುಹಂದಿ.

ಉತ್ತರ, ಮೈಸೂರಿನಿಂದ:

ಮೊದಲು ಫಲಕದ ಮಾತು. ಆ ವಾಕ್ಯವನ್ನು ದಯವಿಟ್ಟು ಬರೆಸಬೇಡಿ. ಒಂದೇ ರಾತ್ರಿಯಲ್ಲಿ ಕಾಲು ಎಕರೆ ಕಬ್ಬು ಮಲಗಿಸಿದ ಹಂದಿಯನ್ನು ಯಾವ ರೈತ ಹಾನಿಕಾರಕವಲ್ಲ ಎನ್ನುತ್ತಾನೆ? ನಿಮ್ಮ ಫಲಕ ಓದಿ ಅವನು ಕೋವಿ ಎತ್ತಿದರೆ ಜೈಲಿಗೆ ಹೋಗುವವನು ಅವನು. 'ವರ್ಮಿನ್' ಪ್ರಾಣಿಯ ಗುಣವಲ್ಲ, ಸರ್ಕಾರ ಕಟ್ಟುವ ಪಟ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಇಂಥ ಪ್ರದೇಶಕ್ಕೆ, ಇಷ್ಟು ಅವಧಿಗೆ ಎಂದು ಅಧಿಸೂಚನೆ ಹೊರಡಿಸಿದರೆ ಮಾತ್ರ ಆ ಪಟ್ಟ. 2015ರಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲ್‌ಗಾಯ್ (ದೊಡ್ಡ ಜಾತಿಯ ಹುಲ್ಲೆ) ಮತ್ತು ಕಾಡುಹಂದಿಗೆ ಕಟ್ಟಿದ್ದು ಹೀಗೆ. ಹಿಂದೆ ಕಾಗೆ, ಇಲಿ, ಹಣ್ಣುಬಾವಲಿಗಳು ಕಾಯ್ದೆಯ ಐದನೇ ಅನುಸೂಚಿಯಲ್ಲಿ, ಅಂದರೆ ವರ್ಮಿನ್‌ಗಳ ಪಟ್ಟಿಯಲ್ಲಿ, ಕಾಯಂ ಆಗಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆಯಿತು.

ಆದ್ದರಿಂದ ಅನುವಾದದಲ್ಲಿ 'ಪೀಡೆಯೆಂದು ಘೋಷಿತವಾದ ಪ್ರಾಣಿ' ಎನ್ನಿ. ಪೀಡೆನಾಶಕದ ಡಬ್ಬಿ ನೋಡಿದ ರೈತನಿಗೆ 'ಪೀಡೆ' ಹೊಸದಲ್ಲ. 'ಘೋಷಿತ'ವನ್ನು ಮಾತ್ರ ಬಿಡಬೇಡಿ. 'ಪ್ರಿಡೇಟರ್'ಗೆ ಪಠ್ಯಪುಸ್ತಕದಲ್ಲಿ 'ಪರಭಕ್ಷಕ' ಇದೆ, ಆದರೆ ಡೇರಿಯ ಮುಂದೆ ಅದು ಯಾರಿಗೆ ಬೇಕು? ಚಿರತೆ ಎಂದೇ ಬರೆಸಿ.

'ಬೇಟೆ'ಯ ವಿಷಯ ಇನ್ನೂ ಮುಖ್ಯ. ನಮ್ಮ ಮಾತಿನಲ್ಲಿ ಬೇಟೆ ಎಂದರೆ ಅಟ್ಟಿಸಿಕೊಂಡು ಹೋಗಿ ಹೊಡೆಯುವುದು. ಬೇಲಿಯ ಕಂಡಿಗೆ ಸೈಕಲ್ ಬ್ರೇಕ್ ತಂತಿಯ ಉರುಳು ಕಟ್ಟಿ ಮನೆಗೆ ಹೋಗಿ ಮಲಗಿದವನು ತಾನು ಬೇಟೆಯಾಡಿದೆನೆಂದು ಭಾವಿಸುವುದಿಲ್ಲ. ಕಾಯ್ದೆಯಲ್ಲಿ ಉರುಳು, ವಿಷ, ಬಲೆ, ಅವುಗಳ ಪ್ರಯತ್ನ ಕೂಡ ಬೇಟೆಯೇ. ಸತ್ತ ಪ್ರಾಣಿ ಸ್ವಂತ ಗದ್ದೆಯಲ್ಲಿ ಬಿದ್ದಿದ್ದರೂ ಸರ್ಕಾರದ ಸ್ವತ್ತು. ಹಾಗಾಗಿ ಒಂದೊಂದನ್ನೂ ಹೆಸರಿಸಿ: 'ಸ್ವಂತ ಜಮೀನಿನಲ್ಲಿಯೂ, ಹಗಲಾಗಲಿ ರಾತ್ರಿಯಾಗಲಿ, ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಕಾಡುಹಂದಿ, ಚಿರತೆ ಮೊದಲಾದ ಕಾಡುಪ್ರಾಣಿಗಳನ್ನು ಕೊಲ್ಲುವುದು, ಉರುಳು ಹಾಕುವುದು, ವಿಷವಿಡುವುದು ಅಪರಾಧ.' ಇದರಲ್ಲಿ 'ವರ್ಮಿನ್' ಬೇಕಾಗಿಯೇ ಇಲ್ಲ.

ಇನ್ನು ಮಂಡ್ಯದ ಮಿತ್ರರಿಗೆ. ಆಡುವುದು ಆಟ, ಓಡುವುದು ಓಟ, ಕಾಡುವುದು ಕಾಟ, ಅಲ್ಲಿಯವರೆಗೆ ಸರಿ. ಕಾಡುಹಂದಿಯ 'ಕಾಡು' ಅಡವಿ. ಕಾಡುಕೋಳಿ ಯಾರನ್ನೂ ಕಾಡುವುದಿಲ್ಲ. ನೀವು ಅಚ್ಚಗನ್ನಡವೆಂದು ಕೊಟ್ಟ 'ಮಿಗ' ಸಂಸ್ಕೃತದ 'ಮೃಗ'ದ ತದ್ಭವ. ನಿಮ್ಮದೇ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಹಂದಿಯ ಮೇಲೆ ಬಿದ್ದು ಅದರೊಡನೆ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟರು. ಆ ಶಾಸನದಲ್ಲಿ 'ಪಂದಿ' ಎಂಬ ಕನ್ನಡವೂ ಇದೆ, ಸಂಸ್ಕೃತವೂ ಧಾರಾಳವಾಗಿದೆ. ಬರೆದವರಿಗೆ ಎರಡೂ ಬೇಕಾಗಿದ್ದವು.

ಉತ್ತರ, ಮಂಡ್ಯದಿಂದ:

'ಮಿಗ' ಕೈಬಿಟ್ಟೆ. ಆದರೆ 'ಜಮೀನು' ಪಾರಸಿ. ಅಲ್ಲಿ 'ಹೊಲ' ಬರಲಿ.

ಮಳವಳ್ಳಿ ಕಡೆಯಿಂದ:

ಮೈಸೂರಿನ ಮೇಷ್ಟ್ರು ಕೊಟ್ಟ ವಾಕ್ಯವನ್ನೇ ಪೇಂಟರ್‌ಗೆ ಕಳುಹಿಸಿದೆ, ಸಾರ್. 'ಹೊಲ' ಹಾಕಲಾರೆ. ನಮ್ಮಲ್ಲಿ ಹೊಲ ಎಂದರೆ ಮಳೆಯಾಶ್ರಯದ ಭೂಮಿ. ನಾಲೆ ಬಯಲಿನ ಗದ್ದೆಯವರು, ತೆಂಗಿನ ತೋಟದವರು ಇದು ನಮಗಲ್ಲ ಎಂದು ಮುಂದೆ ಹೋಗುತ್ತಾರೆ. ಉರುಳು ಸಿಕ್ಕಿರುವುದೆಲ್ಲ ಗದ್ದೆಯ ಬದುಗಳಲ್ಲಿಯೇ.