ರ‍್ಯಾಲಿಗೆ ಇಳಿಯಬೇಕು, ಶುರು ಎಲ್ಲಿಂದ? ಶಿರಸಿಯ ಗ್ಯಾರೇಜಿನಿಂದ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ಕಾರು, ಬೈಕಿನ ರ‍್ಯಾಲಿ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ, ಒಂದು ಸಂಜೆ ಕೂತು ಉತ್ತರ ಬರೆದುಬಿಡಿ ಅಂತ ಅಡ್ಮಿನ್ ಹೇಳಿದರು. ನಾನು ಶಿರಸಿಯಲ್ಲಿ ಗ್ಯಾರೇಜ್ ನಡೆಸುವವನು. ರ‍್ಯಾಲಿಗಳಿಗೆ ಸರ್ವಿಸ್ ಕೆಲಸಕ್ಕೆ ಹೋಗಿದ್ದೇನೆ, ಡ್ರೈವರ್ ಪಕ್ಕ ದಾರಿ ಹೇಳುವ ನ್ಯಾವಿಗೇಟರ್ ಆಗಿ ಕೂತಿದ್ದೇನೆ. ತೋರಿಸಲು ಇರುವುದು ಒಂದೇ ಕಪ್, ಅದರಲ್ಲಿ ಈಗ ಹಳೇ ಸ್ಪಾರ್ಕ್ ಪ್ಲಗ್ ಇಟ್ಟಿದ್ದೇನೆ. ಕೇಳಿ.

ಪ್ರಶ್ನೆ (ಶಿರಸಿ, ಡಿಪ್ಲೊಮಾ ಓದುವ ಹುಡುಗ): ಅಣ್ಣ, ಮನೆಯಲ್ಲಿ ಹಳೇ ಸ್ವಿಫ್ಟ್ ಇದೆ. 80 ಸಾವಿರ ಉಳಿಸಿದ್ದೇನೆ. ಸೈಲೆನ್ಸರ್ ಬದಲಿಸಿ, ಸ್ಪ್ರಿಂಗ್ ಕಡಿಮೆ ಮಾಡಿ ಗಾಡಿ ಕೆಳಗಿಳಿಸಿ, ಎಂಜಿನ್ ಕಂಪ್ಯೂಟರ್ ರೀಮ್ಯಾಪ್ ಮಾಡಿಸಿದರೆ ರ‍್ಯಾಲಿಗೆ ಆಗುತ್ತದಾ?

ಉತ್ತರ: ತಮ್ಮಾ, ಆ 80 ಸಾವಿರ ಸದ್ಯ ಬ್ಯಾಂಕಲ್ಲೇ ಇರಲಿ. ಗಾಡಿ ಕೆಳಗಿಳಿಸುವುದು ಟಾರ್ ಟ್ರ್ಯಾಕಿನವರ ಲೆಕ್ಕ. ನೀನು ಕೇಳುವ ರ‍್ಯಾಲಿ ನಡೆಯುವುದು ಹೆಚ್ಚಾಗಿ ಮಣ್ಣಲ್ಲಿ. ಅಲ್ಲಿ ಗಾಡಿಯನ್ನು ಎತ್ತುತ್ತಾರೆ, ಅಡಿಗೆ ದಪ್ಪ ಗಾರ್ಡ್ ಕೂರಿಸುತ್ತಾರೆ. ಕೆಳಗಿಳಿಸಿದ ಸ್ವಿಫ್ಟ್ ನಿಮ್ಮನೆ ದಣಪೆ (ಬೇಲಿ ಗೇಟು) ದಾಟುವಷ್ಟರಲ್ಲೇ ಎಂಜಿನ್ ಅಡಿಯ ಆಯಿಲ್ ಚೇಂಬರ್ ಒಡೆದುಕೊಳ್ಳುತ್ತದೆ. ಮೇಲಾಗಿ, ರಸ್ತೆಗೆ ರಿಜಿಸ್ಟರ್ ಆದ ಗಾಡಿಯ ಮೂಲ ರಚನೆ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ರ‍್ಯಾಲಿ ಗಾಡಿ ಅಂದರೆ ಒಳಗೆ ಮಗುಚಿದರೂ ಜನರನ್ನು ಕಾಯುವ ಸ್ಟೀಲ್ ಪೈಪಿನ ರೋಲ್ ಕೇಜ್, ಅಗಲ ಪಟ್ಟಿಯ ಸೀಟ್ ಬೆಲ್ಟ್ ಅಂದರೆ ಹಾರ್ನೆಸ್, ಬೆಂಕಿ ಆರಿಸುವ ಸಿಲಿಂಡರ್. ಅದು ಬೇರೆಯೇ ಗಾಡಿ, ಅದಕ್ಕೆ ಬೇರೆಯೇ ಖರ್ಚು.

ಹಾಗಾದರೆ ಶುರು ಎಲ್ಲಿಂದ? ಎಡಗಡೆ ಸೀಟಿನಿಂದ. ತಮಾಷೆ ಮಾಡುತ್ತಿಲ್ಲ. ಓಡಿಸುವ ಆಸೆ ಎಲ್ಲರಿಗೂ ಇರುತ್ತದೆ, ಗಾಡಿ ಇರುವವರೂ ಬೇಕಾದಷ್ಟು ಜನ ಇದ್ದಾರೆ. ಪಕ್ಕದಲ್ಲಿ ಕೂತು ಲೆಕ್ಕ ತಪ್ಪದೆ ದಾರಿ ಹೇಳುವವರು ಸಿಗುವುದಿಲ್ಲ. ಒಳ್ಳೇ ನ್ಯಾವಿಗೇಟರ್ ಆದರೆ ನಿನ್ನದು ಅಂತ ಗಾಡಿ ಇಲ್ಲದೆಯೂ ರ‍್ಯಾಲಿ ಮಾಡಬಹುದು. ನಮ್ಮ ಕರಾವಳಿಯ ಆ ತುದಿಯಲ್ಲಿ, ಕಾಸರಗೋಡು ಕಡೆಯ ಮೂಸಾ ಶರೀಫ್ ಇದ್ದಾರಲ್ಲ, ಅವರು ಗೌರವ್ ಗಿಲ್ ಪಕ್ಕ ಕೂತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು. ಗಿಲ್ ಯಾರು ಅಂತ ಗೊತ್ತಿಲ್ಲದವರಿಗೆ: 2019ರಲ್ಲಿ ಮೋಟಾರ್ ಸ್ಪೋರ್ಟ್‌ಗೆ ಮೊದಲ ಅರ್ಜುನ ಪ್ರಶಸ್ತಿ ಪಡೆದವರು.

ಪ್ರಶ್ನೆ (ಅದೇ ಹುಡುಗ): ಪಕ್ಕದಲ್ಲಿ ಕೂತು ಏನು ಮಾಡುವುದು ಅಣ್ಣ? ಸುಮ್ನೆ ಲೆಫ್ಟು ರೈಟು ಹೇಳುವುದಾ?

ಉತ್ತರ: ಸುಮ್ನೆ ಅಂದೆಯಲ್ಲ, ಅಲ್ಲೇ ಸಿಕ್ಕಿಬಿದ್ದೆ. ಎರಡು ಜಾತಿಯ ರ‍್ಯಾಲಿ ಇವೆ. ಒಂದು ಟಿಎಸ್‌ಡಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದಕ್ಕೆ ರಸ್ತೆ ಮುಚ್ಚುವುದಿಲ್ಲ, ಮಾಮೂಲಿ ಟ್ರಾಫಿಕ್ ನಡುವೆಯೇ ಹೋಗಬೇಕು. ಜೋರಾಗಿ ಹೋದವನು ಗೆಲ್ಲುವುದಿಲ್ಲ, ಹೇಳಿದ ವೇಗಕ್ಕೆ ಸರಿಯಾಗಿ ಹೋದವನು ಗೆಲ್ಲುತ್ತಾನೆ. ಮನೆ ಗಾಡಿ ಸಾಕು. ಇನ್ನೊಂದು ಸ್ಟೇಜ್ ರ‍್ಯಾಲಿ. ಮುಚ್ಚಿದ ದಾರಿಯಲ್ಲಿ ಪ್ರಾಣ ಒತ್ತೆಯಿಟ್ಟು ಓಡಿಸುವುದು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ನಡೆಯುವುದು ಅದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ1000 ಅಂತೂ 1970ರ ದಶಕದಿಂದ ಇದೆ.

ಮೊದಲು ಟಿಎಸ್‌ಡಿ ಕಲಿ. ಶುರುವಿನಲ್ಲಿ ರೋಡ್ ಬುಕ್ ಕೊಡುತ್ತಾರೆ. ಅದರಲ್ಲಿ ನಕ್ಷೆ ಇರುವುದಿಲ್ಲ, ಸಾಲು ಸಾಲು ಚಿತ್ರ ಇರುತ್ತವೆ. ಒಂದು ಗೀರು, ತುದಿಯಲ್ಲಿ ಬಾಣ, ಅಡಿಯಲ್ಲಿ ಒಂದು ಚುಕ್ಕೆ. ಚುಕ್ಕೆ ಅಂದರೆ ನೀನು ಬರುತ್ತಿರುವ ಕಡೆ, ಬಾಣ ಅಂದರೆ ಹೋಗಬೇಕಾದ ಕಡೆ. ಇದಕ್ಕೆ ಟ್ಯುಲಿಪ್ ಅನ್ನುತ್ತಾರೆ. ಪಕ್ಕದಲ್ಲಿ ಶುರುವಿನಿಂದ ಎಷ್ಟು ಕಿಲೋಮೀಟರ್, ಹಿಂದಿನ ಚಿತ್ರದಿಂದ ಎಷ್ಟು ಅಂತ ಎರಡು ಅಂಕಿ. ನಡುನಡುವೆ ಸರಾಸರಿ ವೇಗ ಬದಲಾಗುತ್ತದೆ.

ಲೆಕ್ಕ ಹೀಗೆ. ಸರಾಸರಿ 36 ಅಂತ ಇದ್ದರೆ ಒಂದು ಕಿಲೋಮೀಟರಿಗೆ 100 ಸೆಕೆಂಡ್. 40 ಇದ್ದರೆ 90. 45 ಇದ್ದರೆ 80. ಇದನ್ನು ಮಗ್ಗಿ ತರಹ ಬಾಯಿಪಾಠ ಮಾಡು. ಈಗ 36ರಲ್ಲಿ 5 ಕಿಲೋಮೀಟರ್ ಹೋಗಿದ್ದೀರಿ ಅಂದುಕೋ, 500 ಸೆಕೆಂಡ್ ಆಗಿರಬೇಕು. ವಾಚ್ 512 ತೋರಿಸುತ್ತಿದೆ. ಡ್ರೈವರಿಗೆ "ಹನ್ನೆರಡು ಹಿಂದೆ" ಅನ್ನು. ಅಷ್ಟೇ ಸಾಕು. "ಬೇಗ ಹೋಗು ಮಾರಾಯ" ಅಂತ ಕೂಗಿದರೆ ಅವನು ತಲೆ ಕೆಡಿಸಿಕೊಂಡು ತಿರುವು ತಪ್ಪಿಸುತ್ತಾನೆ.

ಎಲ್ಲಿ ಟೈಮ್ ನೋಡುತ್ತಾರೆ ಅಂತ ಮೊದಲೇ ಹೇಳುವುದಿಲ್ಲ. ಮರದ ಮರೆಯಲ್ಲಿ ಟೈಮ್ ನೋಡುವ ಮಾರ್ಷಲ್ ಕೂತಿರುತ್ತಾನೆ. ತಡವಾದರೆ ದಂಡ, ಬೇಗ ಬಂದರೆ ಹೆಚ್ಚಿನ ಕಡೆ ಅದಕ್ಕಿಂತ ಜಾಸ್ತಿ ದಂಡ. ನನ್ನ ಮೊದಲ ರ‍್ಯಾಲಿಯಲ್ಲಿ ಹಾಳಾಗಿದ್ದು ಇಲ್ಲೇ. ವೇಗ 40ರಿಂದ 30ಕ್ಕೆ ಇಳಿಸಿದ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡೇ ಕೂತಿದ್ದೆ. ಒಂದು ಕಿಲೋಮೀಟರಿಗೆ ಅರ್ಧ ನಿಮಿಷ ಬೇಗ. ನಾಲ್ಕು ಕಿಲೋಮೀಟರ್ ಆದ ಮೇಲೆ ಮಾರ್ಷಲ್ ಸಿಕ್ಕ, ಚಹಾ ಕುಡಿಯುತ್ತಿದ್ದವನು ನಮ್ಮನ್ನು ನೋಡಿ ನಕ್ಕ. ಅವತ್ತಿನಿಂದ ಮುಗಿದ ಸಾಲಿನ ಮೇಲೆ ಪೆನ್ಸಿಲ್ ಗೀಟು ಹಾಕುತ್ತೇನೆ, ಬೆರಳು ಇಡುವುದಿಲ್ಲ.

ಇನ್ನೊಂದು ಗುಟ್ಟು ಮೀಟರ್. ರೋಡ್ ಬುಕ್ ಮಾಡಿದವರ ಗಾಡಿ 10.00 ಕಿಲೋಮೀಟರ್ ತೋರಿಸಿದ ಕಡೆ ನಿನ್ನ ಗಾಡಿ 10.30 ತೋರಿಸಬಹುದು. ಟೈರ್ ಸವೆದಿದ್ದರೂ ಸಾಕು, ವ್ಯತ್ಯಾಸ ಬರುತ್ತದೆ. ಅದಕ್ಕೇ ಶುರುವಿನಲ್ಲಿ ತಾಳೆ ನೋಡಲು ಒಂದಷ್ಟು ದೂರ ಕೊಟ್ಟಿರುತ್ತಾರೆ. ಆಮೇಲೆ ಬುಕ್‌ನಲ್ಲಿ 5.00 ಅಂತ ಇದ್ದರೆ ನಿನ್ನ ಮೀಟರಿನಲ್ಲಿ 5.15ಕ್ಕೆ ಕಾಯಬೇಕು. ಫೋನಿನ ಜಿಪಿಎಸ್ ಇದೆಯಲ್ಲ ಅನ್ನಬೇಡ, ಕೆಲವು ವರ್ಗಗಳಲ್ಲಿ ಅದನ್ನು ಬಿಡುವುದಿಲ್ಲ.

ಸ್ಟೇಜ್ ರ‍್ಯಾಲಿಯ ನೋಟ್ಸ್ ಕಲಿಯಲು ದುಡ್ಡೇ ಬೇಡ. ಶಿರಸಿಯಿಂದ ಕುಮಟಾ ಬಸ್ ಹತ್ತು. ಎಡಗಡೆ ಮುಂದಿನ ಸೀಟ್ ಹಿಡಿ. ದೇವಿಮನೆ ಘಟ್ಟ ಇಳಿಯುವಾಗ ತಿರುವುಗಳಿಗೆ 1ರಿಂದ 6ರವರೆಗೆ ನಂಬರ್ ಕೊಡು. 1 ಅಂದರೆ ಪೂರ್ತಿ ನಿಧಾನ, 6 ಅಂದರೆ ಹೆಚ್ಚುಕಡಿಮೆ ನೇರ. "ರೈಟ್ 3, ಒಳಗೆ ಬಿಗಿಯುತ್ತದೆ, 50, ಲೆಫ್ಟ್ 5" ಹೀಗೆ. 50 ಅಂದರೆ ನಡುವಿನ ಮೀಟರ್. ವಾಪಸ್ ಬರುವಾಗ ಅದೇ ಘಟ್ಟ ಬೇರೆ ಘಟ್ಟ, ಮತ್ತೆ ಬರಿ. ಮೂರು ಸಲ ಬರೆದು ಮೂರೂ ಹೊಂದಿಕೆ ಆಗುತ್ತವಾ ನೋಡು.

ಪ್ರಶ್ನೆ (ಕಾರವಾರ): ಬೆಳಿಗ್ಗೆ ಆರಕ್ಕೆ ಬೀಚ್ ಖಾಲಿ ಇರುತ್ತದೆ ಸರ್. ಹಸಿ ಮರಳಲ್ಲಿ ಹ್ಯಾಂಡ್‌ಬ್ರೇಕ್ ಪ್ರಾಕ್ಟೀಸ್ ಮಾಡಬಹುದಾ?

ಉತ್ತರ: ಬೇಡ. ಚಳಿಗಾಲದಲ್ಲಿ ನಮ್ಮ ದಂಡೆಗೆ ಕಡಲಾಮೆ ಬಂದು ಮೊಟ್ಟೆ ಇಡುತ್ತವೆ, ಗೂಡು ಮೇಲಿನಿಂದ ಕಾಣುವುದಿಲ್ಲ. ವಾಕಿಂಗಿಗೆ ಬಂದ ಅಜ್ಜ, ಬಲೆ ಎಳೆಯುವವರು ಎಲ್ಲಿಂದ ಬರುತ್ತಾರೆ ಅಂತಲೂ ಗೊತ್ತಾಗುವುದಿಲ್ಲ. ಅದು ಸಾರ್ವಜನಿಕ ಜಾಗ. ಅನುಮತಿ ಇಲ್ಲದೆ ಅಂಥ ಕಡೆ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಉಪ್ಪುನೀರು ಬ್ರೇಕ್ ಪೈಪಿಗೆ, ಬಾಡಿಯ ಅಡಿಗೆ ಏನು ಮಾಡುತ್ತದೆ ಅಂತ ಕಾರವಾರದವರಿಗೆ ನಾನು ಹೇಳಬೇಕಾ?

ಪ್ರಶ್ನೆ (ಸಿದ್ದಾಪುರ): ನಮ್ಮದು ನಾಲ್ಕು ಎಕರೆ ಸೊಪ್ಪಿನ ಬೆಟ್ಟ ಇದೆ. ಜೆಸಿಬಿ ಹಾಕಿ ಒಂದು ಟ್ರ್ಯಾಕ್ ಮಾಡೋಣ ಅಂತ ಹುಡುಗರು ಹೇಳುತ್ತಿದ್ದಾರೆ.

ಉತ್ತರ: ಬೆಟ್ಟ ನಿಮ್ಮ ಹೆಸರಲ್ಲಿ ಇದ್ದ ಹಾಗೆ ಕಂಡರೂ ಅದು ಸೊಪ್ಪು, ದರಕು (ಒಣ ಎಲೆ) ತರಲು ಕೊಟ್ಟ ಸೌಲಭ್ಯ, ಜೆಸಿಬಿ ಹಾಕಲು ಅಲ್ಲ. ಫಾರೆಸ್ಟಿನವರು ಬಂದರೆ ಗಾಡಿಯೂ ಹೋಗುತ್ತದೆ, ಜೆಸಿಬಿಯೂ ಹೋಗುತ್ತದೆ. ಕಾಫಿ ತೋಟದವರಿಗೆ ಇರುವ ಹಾಗೆ ಉದ್ದುದ್ದ ಖಾಸಗಿ ರಸ್ತೆ ನಮಗಿಲ್ಲ. ತೋಟ ದಾಟಿದರೆ ಬೆಟ್ಟ, ಬೆಟ್ಟ ದಾಟಿದರೆ ಕಾಡು.

ಇರುವುದು ಗದ್ದೆ. ಬನವಾಸಿ, ಮುಂಡಗೋಡ ಕಡೆ ಕೊಯ್ಲಾದ ಮೇಲೆ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಯಜಮಾನರನ್ನು ಕೇಳಿ, ಖಾಲಿ ಪೇಂಟ್ ಡಬ್ಬಿ ಎಂಟು ತೆಗೆದುಕೊಂಡು ಹೋಗಿ ಸಾಲಾಗಿ ಇಡಿ. ಒಂದು ಸಲಕ್ಕೆ ಒಂದೇ ಗಾಡಿ, ಉಳಿದವರೆಲ್ಲ ಹಾಳಿಯ (ಗದ್ದೆ ಬದುವಿನ) ಆಚೆ. ಹೆಲ್ಮೆಟ್, ಬೆಲ್ಟ್ ಇರಲೇಬೇಕು. ಎರಡನೇ ಗೇರಿನಲ್ಲಿ ಡಬ್ಬಿ ಬೀಳಿಸದೆ ಸುತ್ತಿ ಬರುವುದು ನೋಡಿದಷ್ಟು ಸುಲಭ ಅಲ್ಲ.

ಪ್ರಶ್ನೆ (ಕುಮಟಾ, ಹುಡುಗನ ತಂದೆ): ಮಗನಿಗೆ 16. ಬೈಕಿನ ಹುಚ್ಚು. ರ‍್ಯಾಲಿ ಕಲಿಯುತ್ತೇನೆ ಅಂತ ಗೆಳೆಯನ ಬೈಕ್ ತೆಗೆದುಕೊಂಡು ಘಟ್ಟಕ್ಕೆ ಹೋಗುತ್ತಾನೆ. ಏನು ಹೇಳಲಿ?

ಉತ್ತರ: ರಾಯರೇ, ಮೊದಲು ನಿಮಗೇ ಒಂದು ಮಾತು. 18 ಆಗದವನು ಗೇರ್ ಬೈಕ್ ಓಡಿಸಿ ಸಿಕ್ಕಿಬಿದ್ದರೆ ತಂದೆ ತಾಯಿಗೆ, ಗಾಡಿ ಮಾಲೀಕನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಇದೆ. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅವನ ಆಸೆಗೇ ಅದು ಕಲ್ಲು. ಇದನ್ನು ಬೈದು ಹೇಳಬೇಡಿ, ಕೂರಿಸಿ ಹೇಳಿ.

ಆಸೆಗೆ ದಾರಿ ಇದೆ. ಮುಚ್ಚಿದ ಟ್ರ್ಯಾಕಿನಲ್ಲಿ ಎಂಟು ಹತ್ತು ವರ್ಷದ ಮಕ್ಕಳೂ ಕಾರ್ಟ್ ಓಡಿಸುತ್ತಾರೆ. ಬೆಂಗಳೂರಿನ ಮೆಕೊ ಕಾರ್ಟೋಪಿಯಾದಲ್ಲಿ ರಾಷ್ಟ್ರೀಯ ಮಟ್ಟದ ಕಾರ್ಟಿಂಗ್ ನಡೆದಿದೆ. ಮಣ್ಣಿನ ಬೈಕಿಗೆ ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್, ಸಿ.ಎಸ್. ಸಂತೋಷ್ ಕಟ್ಟಿದ್ದು. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು, 2015ರಲ್ಲಿ. 2021ರ ಡಕಾರ್‌ನಲ್ಲಿ ಬಿದ್ದು ಕೋಮಾಕ್ಕೂ ಹೋಗಿ ಬಂದರು. ಮಗನಿಗೆ ಎರಡೂ ಹೇಳಿ.

ಪ್ರಶ್ನೆ (ಅಂಕೋಲಾ): ಹೆಣ್ಣುಮಕ್ಕಳು ಇದ್ದಾರಾ ಇದರಲ್ಲಿ?

ಉತ್ತರ: ಇದ್ದಾರೆ ತಂಗಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ರೇಸಿನ ವಿಶ್ವ ಸಂಸ್ಥೆ ಎಫ್‌ಐಎಂ ನಡೆಸುವ ಬಾಹಾ (ಕಚ್ಚಾ ದಾರಿಯ ಓಟ) ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಟಿಎಸ್‌ಡಿಯಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಬರುತ್ತವೆ. ಅವರು ಲೆಕ್ಕಕ್ಕೆ ಕೂತರೆ ನಮಗೆ ಕಷ್ಟ.

ಪ್ರಶ್ನೆ (ಯಲ್ಲಾಪುರ): ಲೈಸೆನ್ಸ್, ಇನ್ಶೂರೆನ್ಸ್ ಕಥೆ ಏನು?

ಉತ್ತರ: ಈ ಆಟಕ್ಕೆ ದೇಶದಲ್ಲಿ ಯಜಮಾನ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಎಫ್‌ಎಂಎಸ್‌ಸಿಐ. ಅವರ ಕಾಂಪಿಟಿಷನ್ ಲೈಸೆನ್ಸ್ ಬೇಕು, ಜೊತೆಗೆ ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್. ಯಾವ ಸ್ಪರ್ಧೆ ಆದರೂ ಹಣ ಕಟ್ಟುವ ಮೊದಲು ಅದರ ರೂಲ್ಸ್ ಬುಕ್ ಕೇಳಿ ಓದಿ. ಎಫ್‌ಎಂಎಸ್‌ಸಿಐ ಪರ್ಮಿಟ್ ಇದೆಯಾ, ಆಂಬುಲೆನ್ಸ್ ಇದೆಯಾ, ನಿಮ್ಮ ಗಾಡಿ ಯಾವ ವರ್ಗಕ್ಕೆ ಬರುತ್ತದೆ ನೋಡಿ. ಪರ್ಮಿಟ್ ಇಲ್ಲದ್ದಕ್ಕೆ ಹೋಗಬೇಡಿ, ಎಷ್ಟೇ ದೊಡ್ಡ ಬ್ಯಾನರ್ ಹಾಕಿರಲಿ.

ಇನ್ಶೂರೆನ್ಸ್ ಕಾಗದ ತೆಗೆದು ಈಗಲೇ ನೋಡಿ. ಬಳಕೆಯ ಮಿತಿ ಅನ್ನುವ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ: ರೇಸ್, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗೆ (ಗಾಡಿ ಎಷ್ಟು ತಾಳುತ್ತದೆ ಅಂತ ನೋಡುವ ಓಟ) ಈ ಪಾಲಿಸಿ ಇಲ್ಲ. ಅಲ್ಲಿ ಗಾಡಿ ಮಗುಚಿದರೆ ಖರ್ಚು ನಿಮ್ಮ ಜೇಬಿನದ್ದೇ.

ಪ್ರಶ್ನೆ (ಹೊನ್ನಾವರ): ಟಿಎಸ್‌ಡಿಗೆ ಮನೆ ಗಾಡಿ ತಯಾರು ಮಾಡುವುದು ಹೇಗೆ ಸರ್?

ಉತ್ತರ: ಬ್ರೇಕ್ ಆಯಿಲ್. ಎಲ್ಲರೂ ಎಂಜಿನ್ ಆಯಿಲ್ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ನಮ್ಮೂರ ಮಳೆಗಾಲ ಕೇಳಬೇಕಾ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ. ತೇವ ಕುಡಿದದ್ದಕ್ಕೆ ಅದೇ ಮಿತಿ 155. ಘಟ್ಟ ಇಳಿಯುವಾಗ ಒಂದೇ ಸಮ ಬ್ರೇಕ್ ತುಳಿದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಪೆಡಲ್ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅರಬೈಲ್ ಘಟ್ಟದಲ್ಲಿ ನನ್ನ ಸ್ವಂತ ಗಾಡಿಗೇ ಹೀಗಾಯಿತು. ಊರಿನವರ ಬ್ರೇಕ್ ನೋಡುತ್ತಾ ನನ್ನದನ್ನೇ ಮರೆತಿದ್ದೆ. ಎರಡಕ್ಕೆ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಮೇಲಿನ ದಿಬ್ಬದ ಕಡೆ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಅರ್ಧ ಗಂಟೆ ಕೈ ನಡುಗುತ್ತಿತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಆಮೇಲೆ ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೇಲಿನ ಗೀರು ಇನ್ನೂ ಸವೆದಿಲ್ಲ ಅಂತ ಹಳೇ ಟೈರ್ ನಂಬಬೇಡಿ. ಉಳಿದದ್ದು ಮಾಮೂಲಿ ಸರ್ವಿಸ್.

ಪ್ರಶ್ನೆ (ಭಟ್ಕಳ): ಒಂದು ರೂಪಾಯಿಯೂ ಇಲ್ಲದವರು?

ಉತ್ತರ: ಮಾರ್ಷಲ್ ಆಗಿ. ರ‍್ಯಾಲಿ ನಡೆಸುವ ಕ್ಲಬ್‌ಗಳಿಗೆ ಜನ ಸಾಲುವುದಿಲ್ಲ. ಚಿಕ್ಕಮಗಳೂರಿಗೆ ಒಂದು ದಿನ ಮೊದಲೇ ಹೋಗಿ, ಹೇಳಿದ ಕಡೆ ನಿಲ್ಲಿ. ಗಾಡಿ ದಾರಿಯಲ್ಲಿ ನಿಂತರೆ ಒಳಗಿದ್ದವರು ಒಂದು ಬೋರ್ಡ್ ತೋರಿಸಬೇಕು. ಹಸಿರು ಓಕೆ ಕಂಡರೆ ಉಸಿರು ಬಿಡಿ. ಕೆಂಪು ಎಸ್‌ಒಎಸ್ ಕಂಡರೆ ತಕ್ಷಣ ರೇಡಿಯೋ. ಯಾವ ಡ್ರೈವರ್ ಎಲ್ಲಿ ಬ್ರೇಕ್ ಹಾಕುತ್ತಾನೆ ಅಂತ ಟಿಕೆಟ್ ಇಲ್ಲದೆ ನೋಡಬಹುದು. ಜಿಗಣೆಗೆ ಸುಣ್ಣ ಮರೆಯಬೇಡಿ.

ಶಿರಸಿಯ ಹುಡುಗ (ಭಾನುವಾರ ಸಂಜೆ): ಅಣ್ಣ, ಬಸ್ಸಲ್ಲಿ ಹೋಗಿ ಬಂದೆ. ಹದಿನಾಲ್ಕು ತಿರುವು ಬರೆದೆ. ಹದಿನೈದನೆಯದರಲ್ಲಿ ಕಿಟಕಿಗೆ ಮುಖ ಹಾಕಬೇಕಾಯಿತು. ಕಂಡಕ್ಟರ್ ಬೈದರು.

ಉತ್ತರ: ಎಲ್ಲ ನ್ಯಾವಿಗೇಟರ್‌ಗಳೂ ಅಲ್ಲಿಂದಲೇ ಶುರು. ಪುಸ್ತಕ ತೊಡೆಯ ಮೇಲೆ ಇಡಬೇಡ, ಎದೆಯ ಮಟ್ಟಕ್ಕೆ ಹಿಡಿ. ರಸ್ತೆ ನೋಡು, ಒಂದು ಕ್ಷಣ ಪುಟ ನೋಡು, ಮತ್ತೆ ರಸ್ತೆ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡ, ಎರಡು ಇಡ್ಲಿ ಸಾಕು, ಮಸಾಲೆ ದೋಸೆ ಕುಮಟಾದಲ್ಲಿ ಇಳಿದ ಮೇಲೆ. ಆ ಹದಿನಾಲ್ಕರ ಫೋಟೊ ಹಾಕು, ನೋಡುತ್ತೇನೆ.