ಕುದುರೆ ಮುಖದ ನಾಯಕನಲ್ಲಿ ಅಂಥದ್ದೇನಿದೆ? ದೊಡ್ಡವರ ಕಾರ್ಟೂನ್ ಹಾಸ್ಯದ ಬಗ್ಗೆ ಒಂದು ಪ್ರಶ್ನೆ

ಮಲೆನಾಡಿಗ ಕೇಳಿದ್ದು:

ಕಾರ್ಟೂನ್ ನೋಡುವುದನ್ನು ನಾನು ಹೈಸ್ಕೂಲಿನಲ್ಲೇ ಬಿಟ್ಟೆ. ಈಚೆಗೆ ರಜೆಗೆಂದು ಮನೆಗೆ ಬಂದ ಮಗಳು ‘ಬೋಜ್ಯಾಕ್ ಹಾರ್ಸ್‌ಮನ್’ ಎಂಬ ಸರಣಿಯನ್ನು ನೋಡಲೇಬೇಕೆಂದು ಹಟ ಹಿಡಿದಳು. ಮೂರು ಕಂತು ನೋಡಿದೆ. ಒಂದು ಕಾಲದಲ್ಲಿ ಟಿ.ವಿ.ಯಲ್ಲಿ ಹೆಸರು ಮಾಡಿ ಈಗ ಕೆಲಸವಿಲ್ಲದೆ ಕೂತಿರುವ, ಕುದುರೆ ಮುಖದ ಒಬ್ಬ ನಟನ ಕುಡಿತ ಮತ್ತು ಬೈಗುಳಗಳ ಆಚೆಗೆ ನನಗೇನೂ ಕಾಣಲಿಲ್ಲ. ಆದರೆ ಮಗಳು ಯಾವುದನ್ನೂ ಸುಮ್ಮನೆ ಹೊಗಳುವವಳಲ್ಲ. ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ: ಇಂಥ ಸರಣಿಗಳ ಜಾಣತನ ಇರುವುದೆಲ್ಲಿ? ಇದೇ ಕಥೆಯನ್ನು ಮನುಷ್ಯ ನಟರನ್ನಿಟ್ಟು ತೆಗೆದಿದ್ದರೆ ಏನು ಕಳೆದುಹೋಗುತ್ತಿತ್ತು?

ಕಡಲತಡಿ ಉತ್ತರಿಸಿದ್ದು:

ನೀವು ನಿಲ್ಲಿಸಿದ ಜಾಗದಲ್ಲೇ ಬಹಳ ಜನ ನಿಲ್ಲಿಸಿದ್ದಾರೆ. 2014ರಿಂದ 2020ರವರೆಗೆ ಆರು ಸೀಸನ್‌ಗಳಲ್ಲಿ ಬಂದ ಈ ಸರಣಿ ಮೊದಲ ಕೆಲವು ಕಂತುಗಳಲ್ಲಿ ಎಲ್ಲರಂತೆಯೇ ಜೋಕು ಹೊಡೆಯುತ್ತಾ ಹೋಗುತ್ತದೆ. ಆರನೆಯ ಕಂತಿನಲ್ಲಿ ಬೋಜ್ಯಾಕ್ ಕುಡಿದ ಮತ್ತಿನಲ್ಲಿ ಗುಡ್ಡದ ಮೇಲಿನ ‘ಹಾಲಿವುಡ್’ ಫಲಕದ ಕೊನೆಯ ‘ಡ್’ ಅಕ್ಷರವನ್ನು ಕದಿಯುತ್ತಾನೆ. ಬೇರೆ ಕಾರ್ಟೂನಿನಲ್ಲಾದರೆ ಮುಂದಿನ ವಾರ ಎಲ್ಲವೂ ಮೊದಲಿನಂತಾಗಿರುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಊರಿನ ಹೆಸರೇ ‘ಹಾಲಿವೂ’ ಎಂದಾಗಿ, ಸರಣಿಯ ಹೆಚ್ಚುಕಡಿಮೆ ಕೊನೆಯವರೆಗೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಮಾಡಿದ್ದು ಅಳಿಸಿಹೋಗುವುದಿಲ್ಲ ಎಂಬ ನಿಯಮವನ್ನು ಮೊದಲು ಒಂದು ಪೋಲಿ ಜೋಕಿನ ಮೂಲಕ ಕಲಿಸಿ, ಎರಡೇ ಕಂತುಗಳ ನಂತರ ಅದನ್ನು ನಿಜವಾದ ನೋವಿಗೆ ಅನ್ವಯಿಸುತ್ತಾರೆ: ಎಂಟನೆಯ ಕಂತಿನಲ್ಲಿ ಬೋಜ್ಯಾಕ್ ಸಾಯುತ್ತಿರುವ ಹಳೆಯ ಗೆಳೆಯನ ಬಳಿ ಹೋಗಿ ಕ್ಷಮೆ ಕೇಳಿದಾಗ, ಆತ ಕ್ಷಮಿಸುವುದಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಾನೆ.

ಮೂರನೆಯ ಸೀಸನ್ನಿನ ನಾಲ್ಕನೆಯ ಕಂತು ಸಮುದ್ರದ ತಳದಲ್ಲಿ ನಡೆಯುತ್ತದೆ; ಅದರಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲ. ತಾನು ಕೈಬಿಟ್ಟ ನಿರ್ದೇಶಕಿಗೆ ಬೋಜ್ಯಾಕ್ ಬಹಳ ಕಷ್ಟಪಟ್ಟು ಒಂದು ಚೀಟಿ ಬರೆಯುತ್ತಾನೆ. ಅದನ್ನು ಅವಳ ಕೈಗಿಡುವಷ್ಟರಲ್ಲಿ ಶಾಯಿ ನೀರಿನಲ್ಲಿ ಕದಡಿ ಏನೂ ಓದಲಾಗದಂತಾಗಿರುತ್ತದೆ. ತಲೆಗೆ ಹಾಕಿಕೊಂಡಿದ್ದ ಗಾಜಿನ ಬುರುಡೆಗೆ ಮಾತಾಡುವ ಗುಂಡಿಯೊಂದು ಇತ್ತೆಂಬುದು ಅವನಿಗೆ ತಿಳಿಯುವುದು ಕೊಟ್ಟಕೊನೆಯಲ್ಲಿ.

ಐದನೆಯ ಸೀಸನ್ನಿನ ಆರನೆಯ ಕಂತನ್ನಂತೂ ತಪ್ಪಿಸಬೇಡಿ. ಆರಂಭದಲ್ಲಿ ಅವನ ಅಪ್ಪನದೊಂದು ಪುಟ್ಟ ದೃಶ್ಯವಿದೆ. ಅದನ್ನು ಬಿಟ್ಟರೆ ಇಡೀ ಕಂತು ಬೋಜ್ಯಾಕ್ ತಾಯಿಯ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಆಡುವ ಮಾತು. ನಾನು ತಾಳಮದ್ದಳೆ ಕೇಳಿ ಬೆಳೆದವನು. ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಅರ್ಥಗಾರಿಕೆಯಿಂದ ರಾತ್ರಿ ಬೆಳಗಾಗುವುದನ್ನು ಕಂಡವನಿಗೆ ಈ ಕಂತಿನ ಧೈರ್ಯ ಚೆನ್ನಾಗಿ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಎದುರು ಅರ್ಥಧಾರಿ ಪೆಟ್ಟಿಗೆಯೊಳಗಿದ್ದಾಳೆ, ಉತ್ತರ ಕೊಡುವುದಿಲ್ಲ. ಮನುಷ್ಯ ನಟನೊಬ್ಬ ಹೀಗೆ ನಿಂತು ಮಾತಾಡಿದರೆ ಅದು ಒಂದು ನಾಟಕವಾದೀತು. ಆದರೆ ಒಂದು ಗೆರೆಯಲ್ಲಿ ಅರಮನೆಯನ್ನೂ ಭೂಕಂಪವನ್ನೂ ತಂದು ನಿಲ್ಲಿಸಬಲ್ಲ ಮಾಧ್ಯಮವು ಅದಾವುದನ್ನೂ ಮುಟ್ಟದೆ ಒಬ್ಬನನ್ನು ಸುಮ್ಮನೆ ನಿಲ್ಲಿಸಿದಾಗ ಆ ನಿಲುವಿಗೆ ಬರುವ ತೂಕವೇ ಬೇರೆ. ತಾಯಿಯ ಕೊನೆಯ ಮಾತೇನೆಂಬುದನ್ನು ಇಲ್ಲಿ ಹೇಳಿ ಕೆಡಿಸುವುದಿಲ್ಲ.

ಲೆಕ್ಕದ ಮೇಷ್ಟ್ರು ಉತ್ತರಿಸಿದ್ದು:

ಮೇಲಿನವರು ದುಃಖದ ಕಡೆಗೇ ಹೆಚ್ಚು ವಾಲಿದ್ದಾರೆ. ಜಾಣತನವೆಂದರೆ ನನಗೆ ನೆನಪಾಗುವುದು ‘ಫ್ಯೂಚರಾಮಾ’ ಎಂಬ ಕಾರ್ಟೂನ್ ಸರಣಿ. 2010ರಲ್ಲಿ ಬಂದ ‘ದಿ ಪ್ರಿಸನರ್ ಆಫ್ ಬೆಂಡಾ’ ಎಂಬ ಕಂತಿನಲ್ಲಿ ಇಬ್ಬರ ಮನಸ್ಸನ್ನು ಪರಸ್ಪರ ದೇಹಗಳಿಗೆ ಬದಲಿಸುವ ಯಂತ್ರವೊಂದಿದೆ. ಆದರೆ ಒಮ್ಮೆ ಬದಲಾದ ಜೋಡಿ ಮತ್ತೆ ನೇರವಾಗಿ ಬದಲಾಗಲಾರದು. ಕಂತನ್ನು ಬರೆದ ಕೆನ್ ಕೀಲರ್ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಎಷ್ಟೇ ಜನ ಅದಲುಬದಲಾಗಿದ್ದರೂ ಹೊಸಬರಿಬ್ಬರು ಸೇರಿಕೊಂಡರೆ ಎಲ್ಲರನ್ನೂ ಸರಿಪಡಿಸಬಹುದೆಂದು ಅವರು ಸಾಧಿಸಿ, ಆ ಸಾಧನೆಯನ್ನು ಕಂತಿನಲ್ಲೇ ಹಲಗೆಯ ಮೇಲೆ ತೋರಿಸಿದ್ದಾರೆ. ತರಗತಿಯಲ್ಲಿ ನಾನು ಇದನ್ನು ಮಾಡಿಸುತ್ತೇನೆ. ಅಮರ ಮತ್ತು ಆನಂದ ಅದಲುಬದಲಾಗಿದ್ದಾರೆ. ಕಮಲ ಮತ್ತು ಗಿರಿಜ ಹೊಸಬರು. ಅಮರ–ಕಮಲ, ಆನಂದ–ಗಿರಿಜ, ಕಮಲ–ಆನಂದ, ಗಿರಿಜ–ಅಮರ, ಕೊನೆಗೆ ಕಮಲ–ಗಿರಿಜ: ದೇಹಗಳನ್ನು ಈ ಕ್ರಮದಲ್ಲಿ ಯಂತ್ರಕ್ಕೆ ಕೂರಿಸಿ, ಹೆಸರಿನ ಚೀಟಿಗಳನ್ನಿಟ್ಟು ನೋಡಿ. ಐದೇ ಬದಲಾವಣೆಗಳಲ್ಲಿ ಎಲ್ಲರೂ ತಮ್ಮ ತಮ್ಮ ಮನೆ ಸೇರುತ್ತಾರೆ, ಯಾವ ಜೋಡಿಯೂ ಎರಡು ಸಲ ಬಂದಿರುವುದಿಲ್ಲ.

ಅಡ್ಡಗೆರೆ ಉತ್ತರಿಸಿದ್ದು:

ಗದ್ದಲ ಬೇಡವೆಂದಾದರೆ ‘ಹೋಮ್ ಮೂವೀಸ್’ ನೋಡಿ (1999–2004). ಎಂಟು ವರ್ಷದ ಹುಡುಗನೊಬ್ಬ ಗೆಳೆಯರಿಬ್ಬರನ್ನು ಸೇರಿಸಿಕೊಂಡು ಸಿನಿಮಾ ತೆಗೆಯುತ್ತಿರುತ್ತಾನೆ, ಅಷ್ಟೇ ಕಥೆ. ಆರಂಭದಲ್ಲಿ ಸಂಭಾಷಣೆಯನ್ನು ಪೂರ್ತಿ ಬರೆಯುತ್ತಲೇ ಇರಲಿಲ್ಲ. ಕಥೆಯ ಎಳೆಯನ್ನು ಮಾತ್ರ ಕೊಟ್ಟು, ಕಲಾವಿದರು ಅಲ್ಲಲ್ಲೇ ಹುಟ್ಟಿಸಿದ ಮಾತನ್ನು ಧ್ವನಿಮುದ್ರಿಸಿ, ಆಮೇಲೆ ಚಿತ್ರ ಬರೆಯುತ್ತಿದ್ದರು. ಹಾಗಾಗಿ ತಡವರಿಕೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದು, ತಡೆಯಲಾರದೆ ಬಂದ ನಗು ಎಲ್ಲವೂ ಉಳಿದುಕೊಂಡಿವೆ. ಮೊದಲ ಸೀಸನ್ನಿನ ಗೆರೆಗಳು ಸದಾ ನಡುಗುತ್ತಿರುತ್ತವೆ. ಹತ್ತು ನಿಮಿಷ ಕಣ್ಣಿಗೆ ಕಿರಿಕಿರಿಯಾಗುತ್ತದೆ, ಆಮೇಲೆ ಒಗ್ಗುತ್ತದೆ. ಮೊದಲ ವಾಹಿನಿ ಇದನ್ನು ಐದು ಕಂತುಗಳಿಗೇ ಕೈಬಿಟ್ಟಿತ್ತು. 2001ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ‘ಅಡಲ್ಟ್ ಸ್ವಿಮ್’ ವಿಭಾಗ ಎತ್ತಿಕೊಂಡಿದ್ದರಿಂದ ಉಳಿಯಿತು.

ನ್ಯೂಜೆರ್ಸಿ ಕನ್ನಡತಿ ಉತ್ತರಿಸಿದ್ದು:

ಮನುಷ್ಯ ನಟರಿದ್ದರೆ ಏನು ಕಳೆಯುತ್ತಿತ್ತು ಎಂದು ಕೇಳಿದ್ದೀರಿ. ಏನು ನಡೆಯುತ್ತಿರಲಿಲ್ಲ ಎಂಬುದನ್ನೂ ಸ್ವಲ್ಪ ಯೋಚಿಸಬೇಕು. ‘ದಿ ಸಿಂಪ್ಸನ್ಸ್’ ಸರಣಿಯ ಅಂಗಡಿಯ ಅಪು ಭಾರತೀಯ. ಆದರೆ ದಶಕಗಳ ಕಾಲ ಅವನಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ಅಮೆರಿಕನ್ನರು. ಚಿತ್ರದ ಹಿಂದೆ ಇದು ಅಡಗಿತ್ತು. ಅವರನ್ನೇ ಮುಖಕ್ಕೆ ಕಂದು ಬಣ್ಣ ಬಳಿದು ಕ್ಯಾಮೆರಾದ ಮುಂದೆ ನಿಲ್ಲಿಸಿದ್ದರೆ ಇಷ್ಟು ವರ್ಷ ಯಾರೂ ಸಹಿಸುತ್ತಿರಲಿಲ್ಲ. ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಾಬೋಲು 2017ರಲ್ಲಿ ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜಾರಿಯಾ ಆ ಪಾತ್ರವನ್ನು ಬಿಟ್ಟರು. ಬೋಜ್ಯಾಕ್ ಕೂಡ ಇದಕ್ಕೆ ಹೊರತಲ್ಲ. ವಿಯೆಟ್ನಾಮ್ ಮೂಲದ ಡಯಾನ್ ಪಾತ್ರದ ಧ್ವನಿ ಬಿಳಿಯ ನಟಿಯದು. ಸೃಷ್ಟಿಕರ್ತ ರಾಫೆಲ್ ಬಾಬ್-ವಾಕ್ಸ್‌ಬರ್ಗ್ ತಾವು ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಇಷ್ಟೆಲ್ಲ ಗೊತ್ತಿದ್ದೂ ಎರಡನ್ನೂ ನಾನು ನೋಡುತ್ತೇನೆ, ಅಪು ಬಂದಾಗ ನಗುವುದಿಲ್ಲ.

ಮಲೆನಾಡಿಗ ಮತ್ತೆ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ನಡುವಿನದನ್ನು ಬಿಟ್ಟು ನಿನ್ನೆ ರಾತ್ರಿ ನೇರವಾಗಿ ಶವಪೆಟ್ಟಿಗೆಯ ಕಂತಿಗೇ ಹೋದೆ. ಹಾಗೆ ಮಾಡಬಾರದೆಂದು ಮಗಳು ಬೈದಳು. ಕಡಲತಡಿಯವರು ಹೇಳದೆ ಬಿಟ್ಟದ್ದನ್ನು ನಾನು ಹೇಳಿಬಿಡುತ್ತೇನೆ, ನೋಡದವರು ಇಲ್ಲಿಗೇ ನಿಲ್ಲಿಸಲಿ. ಒಮ್ಮೆಯೂ ಪ್ರೀತಿಯಿಂದ ನೋಡದ ತಾಯಿ ಕೊನೆಗಾಲದಲ್ಲಿ ‘ಐ ಸೀ ಯೂ’ ಎಂದಳಂತೆ. ತನ್ನನ್ನು ಅವಳು ಕೊನೆಗೂ ಕಂಡಳೆಂದು ಮಗ ಆ ಮಾತನ್ನು ಹಿಡಿದುಕೊಂಡು ಬಹಳ ಹೊತ್ತು ತೂಗಿನೋಡುತ್ತಾನೆ. ಆಮೇಲೆ ಅವನಿಗೇ ಹೊಳೆಯುತ್ತದೆ: ಅವಳು ಆಸ್ಪತ್ರೆಯ ಗೋಡೆಯ ಮೇಲಿದ್ದ ‘ಐಸಿಯು’ ಎಂಬ ಫಲಕವನ್ನು ಓದುತ್ತಿದ್ದಳು. ನನಗೆ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಕಂತನ್ನು ನಿಲ್ಲಿಸಿ ಕೂತೆ. ಮೊದಲ ಮೂರು ಕಂತು ಮಾತ್ರ ಈಗಲೂ ಸಪ್ಪೆಯೇ.